ಉದ್ದ, ಸುತ್ತಳತೆ, ತೂಕ: ಕುಂಬಳದಿಂದ ಕುರಿಯವರೆಗೆ ಅಂದಾಜಿನ ಗಣಿತ

1. ಪೀಠಿಕೆ

ವಸ್ತುವಿನ ತೂಕವನ್ನು ತಕ್ಕಡಿಗೆ ಏರಿಸದೆ, ಅದರ ಉದ್ದ ಮತ್ತು ಸುತ್ತಳತೆಗಳಿಂದ ಲೆಕ್ಕಹಾಕಿ ತಿಳಿಯುವ ಕ್ರಮಕ್ಕೆ ಈ ಉಪನ್ಯಾಸದಲ್ಲಿ ‘ಅಳತೆಯಂದಾಜು’ ಎಂಬ ಹೆಸರನ್ನು ಬಳಸಲಾಗಿದೆ. ನೋಡಿದೊಡನೆ ಹೇಳುವ ಕಣ್ಣಂದಾಜು ಹೇಳುವವನ ಅನುಭವದೊಂದಿಗೆ ಹುಟ್ಟಿ ಅವನೊಂದಿಗೇ ಹೋಗುತ್ತದೆ. ಅಳತೆಯಂದಾಜಾದರೋ ಟೇಪು ಹಿಡಿಯಬಲ್ಲ, ಗುಣಿಸಿ ಭಾಗಿಸಬಲ್ಲ ಯಾರ ಕೈಯಲ್ಲಾದರೂ ಒಂದೇ ಉತ್ತರವನ್ನು ಕೊಡುತ್ತದೆ, ಉತ್ತರ ತಪ್ಪಾದರೆ ಎಷ್ಟು ತಪ್ಪಾಗಬಹುದೆಂಬುದನ್ನೂ ಹೇಳುತ್ತದೆ.

ಮಂಡ್ಯ, ಮದ್ದೂರು, ಮಳವಳ್ಳಿಗಳ ವ್ಯಾಪಾರವನ್ನು ಗಮನಿಸಿದರೆ ರೈತನ ಬೆಳೆಗೆ ಬೆಲೆ ಕಟ್ಟುವ ಮೂರು ಬಗೆಗಳು ಅಕ್ಕಪಕ್ಕದಲ್ಲೇ ಕಾಣುತ್ತವೆ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಕಾಯಿಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ ಎಣಿಸಿ ಮಾರಲಾಗುತ್ತದೆ. ಮಂಡ್ಯದ ಆಲೆಮನೆಗಳಿಂದ ಬರುವ ಅಚ್ಚುಬೆಲ್ಲ, ಬಕೆಟ್ ಬೆಲ್ಲಗಳನ್ನು ತೂಗಿ ಮಾರಲಾಗುತ್ತದೆ. ಮಳವಳ್ಳಿ ಸೀಮೆಯ ಸಂತೆಗಳಲ್ಲಿ ಬಂಡೂರು ಕುರಿಯನ್ನು ಹೆಚ್ಚಾಗಿ ನೋಡಿ, ಮುಟ್ಟಿ, ಎತ್ತಿ ಕೊಳ್ಳಲಾಗುತ್ತದೆ. ಎಣಿಕೆ, ತೂಕ, ನೋಟ ಎಂಬ ಈ ಮೂರರಲ್ಲಿ ನೋಟದ ವ್ಯಾಪಾರವೇ ಮಾರುವವನಿಗೆ ಹೆಚ್ಚು ನಷ್ಟ ತರಬಲ್ಲದ್ದು. ದಿನಕ್ಕೆ ಹತ್ತಾರು ಕುರಿಗಳನ್ನು ಕೊಳ್ಳುವ ವ್ಯಾಪಾರಿಯ ಕಣ್ಣು ಪ್ರತಿದಿನ ಪಳಗುತ್ತದೆ, ವರ್ಷಕ್ಕೆ ನಾಲ್ಕಾರು ಕುರಿ ಮಾರುವ ಸಾಕಣೆಗಾರನ ಕಣ್ಣಿಗೆ ಆ ಅವಕಾಶವಿರುವುದಿಲ್ಲ. ಈ ಅಂತರವನ್ನು ದರ್ಜಿಯ ಟೇಪೊಂದು ಎಷ್ಟರಮಟ್ಟಿಗೆ ತುಂಬಬಲ್ಲದು ಎಂಬುದೇ ಇಲ್ಲಿನ ವಿಚಾರ. ಅದಕ್ಕೆ ಮಾದರಿಯಾಗಿ, ಆಕಾರ ಸರಳವಾಗಿರುವ, ಅಳೆಯುವಾಗ ಅಲುಗಾಡದ ಕುಂಬಳಕಾಯಿಯನ್ನು ಮೊದಲಿಗೆ ತೆಗೆದುಕೊಳ್ಳಲಾಗಿದೆ.

2. ಹಿಂದಿನ ಅಳತೆ, ಹಿಂದಿನ ಗಣಿತ

ಹಳೆಯ ಮೈಸೂರು ಸೀಮೆಯಲ್ಲಿ ಧಾನ್ಯವನ್ನು ತೂಗುವ ವಾಡಿಕೆಗಿಂತ ಅಳೆಯುವ ವಾಡಿಕೆಯೇ ಬಲವಾಗಿತ್ತು. ಪಾವು, ಸೇರು, ಬಳ್ಳ, ಕೊಳಗ, ಖಂಡುಗಗಳೆಲ್ಲ ಪಾತ್ರೆಯ ಅಳತೆಗಳು, ಅಂದರೆ ಗಾತ್ರದ ಮಾನಗಳು. 20 ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕ ಹಳ್ಳಿಯ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಒಂದು ಖಂಡುಗ ಭತ್ತಕ್ಕೂ ಒಂದು ಖಂಡುಗ ರಾಗಿಗೂ ತೂಕ ಒಂದೇ ಅಲ್ಲವೆಂಬುದು ಬಳಸುವವರಿಗೆಲ್ಲ ತಿಳಿದಿದ್ದರಿಂದ, ಗಾತ್ರವನ್ನು ತೂಕಕ್ಕೆ ತಿರುಗಿಸಲು ಪ್ರತಿಯೊಂದು ಧಾನ್ಯಕ್ಕೂ ಬೇರೆ ಬೇರೆ ಲೆಕ್ಕ ಬೇಕೆಂಬ ತಿಳಿವಳಿಕೆ ಆ ಪದ್ಧತಿಯೊಳಗೇ ಅಡಗಿತ್ತು. 1956ರ ತೂಕ ಮತ್ತು ಅಳತೆಗಳ ಕಾಯ್ದೆ ಬಂದು ದಶಮಾಂಶ ಪದ್ಧತಿ ನೆಲೆಯೂರಿದ ಮೇಲೆ ಕಿಲೋಗ್ರಾಂ ಎಲ್ಲೆಡೆಯ ಮಾತಾಯಿತು. ಕೊಳಗ ಪೂಜೆಯ ಮನೆಗೂ ಕಣದ ನೆನಪಿಗೂ ಸೇರಿತು.

ಗಾತ್ರದ ಗಣಿತಕ್ಕೆ ಕನ್ನಡ ನಾಡಿನಲ್ಲಿ ಇನ್ನೂ ಹಿಂದಿನ ಪರಂಪರೆಯಿದೆ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಗೋಳದ ಘನಫಲಕ್ಕೆ, ಎಂದರೆ ಚೆಂಡಿನಾಕಾರದ ವಸ್ತು ಆಕ್ರಮಿಸುವ ಜಾಗಕ್ಕೆ, ಎರಡು ಲೆಕ್ಕಗಳನ್ನು ಕೊಟ್ಟಿದ್ದಾನೆ. ವ್ಯಾಸದ ಅರ್ಧವನ್ನು ಅದರಿಂದಲೇ ಎರಡು ಸಲ ಗುಣಿಸಿ ಬಂದ ಘನವನ್ನು 9ರಿಂದ ಗುಣಿಸಿ 2ರಿಂದ ಭಾಗಿಸಿದರೆ ಬರುವುದು ‘ವ್ಯಾವಹಾರಿಕ’ ಫಲ. ಅದರ ಹತ್ತರಲ್ಲಿ ಒಂಬತ್ತು ಪಾಲು ‘ಸೂಕ್ಷ್ಮ’ ಫಲ. ಇಂದಿನ ಲೆಕ್ಕದಲ್ಲಿ ಆ ಘನವನ್ನು ಸುಮಾರು 4.19ರಿಂದ ಗುಣಿಸಬೇಕು, ಮಹಾವೀರನ ವ್ಯಾವಹಾರಿಕ ಗುಣಕ 4.5, ಸೂಕ್ಷ್ಮ ಗುಣಕ 4.05. ಮೊದಲನೆಯದು ಶೇಕಡಾ 7ರಷ್ಟು ಹೆಚ್ಚು, ಎರಡನೆಯದು ಶೇಕಡಾ 3ರಷ್ಟು ಕಡಿಮೆ. ಈ ಅಂಕಿಗಳಿಗಿಂತ ಮುಖ್ಯವಾದದ್ದು ಆ ವಿಂಗಡಣೆ: ಪೇಟೆಯ ಕೆಲಸಕ್ಕೆ ಸಾಕಾಗುವ ಲೆಕ್ಕ ಒಂದು, ನಿಖರತೆ ಬೇಕಾದಾಗ ಬಳಸುವ ಲೆಕ್ಕ ಇನ್ನೊಂದು, ಎರಡಕ್ಕೂ ಬೇರೆ ಬೇರೆ ಹೆಸರು. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದು ಈ ವಿದ್ಯೆಯನ್ನು ದೇಶಭಾಷೆಗೆ ತಂದನು. ಅಂದಾಜನ್ನು ಅಂದಾಜೆಂದು ಒಪ್ಪಿಕೊಂಡೇ ಅದನ್ನು ಶಾಸ್ತ್ರದೊಳಗೆ ತಂದ ಆ ಮನೋಧರ್ಮವೇ ಮುಂದಿನ ಮಾತುಗಳಿಗೆ ತಳಹದಿ.

3. ಘನದ ನಿಯಮ

ಕಣ್ಣಂದಾಜು ಎಲ್ಲಿ ಎಡವುತ್ತದೆ ಎಂಬುದನ್ನು ಒಂದು ಲೆಕ್ಕ ತೋರಿಸುತ್ತದೆ. ಒಂದೇ ಆಕಾರದ ಎರಡು ಕಾಯಿಗಳಲ್ಲಿ ಒಂದರ ಸುತ್ತಳತೆ ಇನ್ನೊಂದಕ್ಕಿಂತ ಶೇಕಡಾ 10ರಷ್ಟು ಹೆಚ್ಚಿದ್ದರೆ ಕಣ್ಣಿಗೆ ಅದು ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಆದರೆ ಕಾಯಿ ಉದ್ದಕ್ಕೂ ಅಗಲಕ್ಕೂ ಎತ್ತರಕ್ಕೂ ಒಟ್ಟಿಗೆ ಬೆಳೆದಿರುವುದರಿಂದ ಅದರ ಗಾತ್ರ 1.1ರ ಘನದಷ್ಟು, ಅಂದರೆ 1.331 ಪಟ್ಟು ಆಗಿರುತ್ತದೆ. ಕಣ್ಣು ಹತ್ತರಲ್ಲೊಂದು ಪಾಲು ಹೆಚ್ಚೆಂದು ಕಂಡದ್ದು ತಕ್ಕಡಿಯಲ್ಲಿ ಮೂರರಲ್ಲೊಂದು ಪಾಲು ಹೆಚ್ಚಾಗುತ್ತದೆ. ಸುತ್ತಳತೆ ಇಮ್ಮಡಿಯಾದರೆ ತೂಕ ಎಂಟು ಪಟ್ಟು. ದೊಡ್ಡ ಕಾಯಿಯ ತೂಕವನ್ನು ಜನ ಸಾಮಾನ್ಯವಾಗಿ ಕಡಿಮೆಯಾಗಿ ಊಹಿಸುವುದಕ್ಕೆ ಕಾರಣ ಇದೇ.

ಚೆಂಡಿನಂತೆ ಗುಂಡಗಿರುವ ಕಾಯಿಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಎರಡು ಸಲ ಗುಣಿಸಿ, 59.2ರಿಂದ ಭಾಗಿಸಿದರೆ ಗಾತ್ರ ಘನ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಸಾವಿರ ಘನ ಸೆಂಟಿಮೀಟರಿಗೆ ಒಂದು ಲೀಟರ್. ಸುತ್ತಳತೆ 100 ಸೆಂಟಿಮೀಟರ್ ಇರುವ ಗುಂಡು ಕಾಯಿ ಸುಮಾರು 16.9 ಲೀಟರ್ ಜಾಗ ಹಿಡಿಯುತ್ತದೆ. ಅದು ಪೂರ್ತಿ ನೀರೇ ಆಗಿದ್ದರೆ 16.9 ಕಿಲೋ ತೂಗಬೇಕಿತ್ತು. ಕುಂಬಳ ಅಷ್ಟು ತೂಗುವುದಿಲ್ಲ, ಏಕೆಂದರೆ ಅದರ ನಡುವೆ ಬೀಜ ಮತ್ತು ನಾರುಗಳಿರುವ ಪೊಳ್ಳು ಭಾಗವಿದೆ. ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ನಾಲೆಯಲ್ಲಿ ಈಜು ಕಲಿತ ಹಳ್ಳಿಯ ಮಕ್ಕಳಿಗೆ ಈ ಪೊಳ್ಳಿನ ಬಲ ಗೊತ್ತಿತ್ತು. ಒಂದು ಲೀಟರ್ ಗಾತ್ರದ ವಸ್ತು ಎಷ್ಟು ಕಿಲೋ ತೂಗುತ್ತದೆ ಎಂಬ ಪ್ರಮಾಣಕ್ಕೆ ಸಾಂದ್ರತೆ ಎನ್ನುತ್ತಾರೆ. ಅಳತೆ ಗಾತ್ರವನ್ನು ಕೊಡುತ್ತದೆ, ಗಾತ್ರವನ್ನು ತೂಕವಾಗಿಸುವುದು ಸಾಂದ್ರತೆ.

4. ಬೂದುಗುಂಬಳ: ಒಂದು ಕಾಯಿಯ ಲೆಕ್ಕ

ಕನ್ನಡಿಗರು ಕುಂಬಳವೆನ್ನುವಾಗ ಎರಡು ಬೇರೆ ಬೇರೆ ಸಸ್ಯಗಳ ಕಾಯಿಗಳನ್ನು ಸೂಚಿಸುತ್ತಾರೆ. ಮಜ್ಜಿಗೆಹುಳಿಗೂ ಸಂಡಿಗೆಗೂ ಕಾಶಿಹಲ್ವಕ್ಕೂ ಬಳಸುವ, ಆಯುಧಪೂಜೆಯಲ್ಲಿ ವಾಹನದ ಮುಂದೆ ಒಡೆಯುವ ಬೂದುಗುಂಬಳ ಏಷ್ಯಾದ ಬಳ್ಳಿ. ಕೆಂಪು ತಿರುಳಿನ ಸಿಹಿಗುಂಬಳ ಅಮೆರಿಕ ಖಂಡದಿಂದ ಬಂದದ್ದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಸಿಹಿಗುಂಬಳದ ತಳಿಗಳಾದ ಅರ್ಕಾ ಚಂದನ, ಅರ್ಕಾ ಸೂರ್ಯಮುಖಿಗಳು ಮನೆಯಡುಗೆಗೆ ಒಪ್ಪುವ ಸಣ್ಣ ಗಾತ್ರದವು. ತೂಕದ ಪ್ರಶ್ನೆ ಹೆಚ್ಚು ಏಳುವುದು ಹಬ್ಬದ ಹೊತ್ತಿಗೆ ಲೋಡುಗಟ್ಟಲೆ ಪೇಟೆಗೆ ಹೋಗುವ ಬೂದುಗುಂಬಳದಲ್ಲಿ.

ಬೂದುಗುಂಬಳ ಬಲಿತಾಗ ಅದರ ಸಿಪ್ಪೆಯ ಮೇಲೆ ಮೇಣದ ಬಿಳಿ ಪುಡಿ ಕೂರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಹುಟ್ಟಿದ್ದು ಹೊತ್ತವನ ಹೆಗಲಿಗೆ ಮೆತ್ತಿಕೊಳ್ಳುವ ಈ ಬೂದಿಯಿಂದ. ಅಳೆಯುವವನಿಗೆ ಆ ಬೂದಿ ಇನ್ನೊಂದು ಸೂಚನೆಯನ್ನೂ ಕೊಡುತ್ತದೆ: ಕಾಯಿ ಬಲಿತಿದೆ, ಇನ್ನು ಅದರ ಅಳತೆ ಹೆಚ್ಚಾಗುವುದಿಲ್ಲ.

ಈ ಕಾಯಿ ಚೆಂಡಿನಂತಿರದೆ ಉದ್ದುದ್ದವಾಗಿ, ಎರಡು ತುದಿಗಳಲ್ಲಿ ಬಾಗಿರುವುದರಿಂದ ಎರಡು ಅಳತೆಗಳು ಬೇಕು. ತೊಟ್ಟಿನ ತುದಿಯಿಂದ ಹೂವಿನ ತುದಿಯವರೆಗಿನ ನೇರ ದೂರ ಉದ್ದ. ಕಾಯಿಯನ್ನು ಎರಡು ನಿಂತ ಹಲಗೆಗಳ ನಡುವೆ ಒತ್ತಾಗಿ ಇಟ್ಟು ಹಲಗೆಗಳ ಅಂತರವನ್ನು ಅಳೆದರೆ ಇದು ಸರಿಯಾಗಿ ಸಿಗುತ್ತದೆ, ಬಾಗಿದ ಮೈಮೇಲೆ ಟೇಪು ಹಾಸಿದರೆ ಸಿಗುವುದಿಲ್ಲ. ಹೊಟ್ಟೆಯ ಭಾಗದಲ್ಲಿ, ಉದ್ದಕ್ಕೆ ಅಡ್ಡಲಾಗಿ, ಟೇಪು ಓರೆಯಾಗದಂತೆ ಸುತ್ತಿ ತೆಗೆದದ್ದು ಸುತ್ತಳತೆ. ಇಂಥ ಅಂಡಾಕಾರದ ಗಾತ್ರಕ್ಕೆ ಸೂತ್ರ: ಉದ್ದವನ್ನು ಸುತ್ತಳತೆಯಿಂದ ಗುಣಿಸಿ, ಬಂದದ್ದನ್ನು ಮತ್ತೆ ಸುತ್ತಳತೆಯಿಂದ ಗುಣಿಸಿ, 18,850ರಿಂದ ಭಾಗಿಸಿದರೆ ಲೀಟರ್.

ಉದಾಹರಣೆಗೆ 42 ಸೆಂಟಿಮೀಟರ್ ಉದ್ದದ, 78 ಸೆಂಟಿಮೀಟರ್ ಸುತ್ತಳತೆಯ ಒಂದು ಕಾಯಿಯನ್ನು ಮೇಜಿನ ಮೇಲಿಟ್ಟುಕೊಂಡರೆ, 42 ಗುಣಿಸು 78 ಗುಣಿಸು 78 ಎಂದರೆ 2,55,528. ಅದನ್ನು 18,850ರಿಂದ ಭಾಗಿಸಿದರೆ ಗಾತ್ರ ಸುಮಾರು 13.6 ಲೀಟರ್. ಅದೇ ಕಾಯಿಯನ್ನು ತೂಗಿದಾಗ 11.6 ಕಿಲೋ ಬಂದಿತೆಂದು ಇಟ್ಟುಕೊಂಡರೆ, 2,55,528ನ್ನು 11.6ರಿಂದ ಭಾಗಿಸಬೇಕು; ಬರುವ 22,028 ಎಂಬ ಸಂಖ್ಯೆಯೇ ಆ ಕಾಯಿಯ ‘ಭಾಜಕ’. ಇದೇ ಹೊಲದ, ಇದೇ ಬೀಜದ ಇನ್ನೊಂದು ಕಾಯಿ 36 ಸೆಂಟಿಮೀಟರ್ ಉದ್ದ, 72 ಸೆಂಟಿಮೀಟರ್ ಸುತ್ತಳತೆ ಇದ್ದರೆ, ಅದೇ ಭಾಜಕದಿಂದ ಅದರ ತೂಕ ಸುಮಾರು 8.5 ಕಿಲೋ ಎಂದು ತಕ್ಕಡಿಯಿಲ್ಲದೆ ಹೇಳಬಹುದು. ಒಂದೇ ಕಾಯಿಯನ್ನು ನೆಚ್ಚದೆ, ಸಣ್ಣದು ದೊಡ್ಡದು ಸೇರಿದಂತೆ ಹತ್ತು ಕಾಯಿಗಳನ್ನು ಅಳೆದು ತೂಗಿ, ಹತ್ತು ಭಾಜಕಗಳನ್ನು ಏರಿಕೆಯ ಕ್ರಮದಲ್ಲಿ ಬರೆದು, ನಡುವಿನ ಎರಡರ ಸರಾಸರಿಯನ್ನು ತೆಗೆದುಕೊಂಡರೆ ಅದು ಆ ಹೊಲದ ಭಾಜಕವಾಗುತ್ತದೆ. ಪುಸ್ತಕದಿಂದ ಬಂದ ಭಾಜಕಕ್ಕಿಂತ ಇದು ನಂಬಿಕೆಗೆ ಯೋಗ್ಯ, ಏಕೆಂದರೆ ಆ ತಳಿಯ ಆಕಾರ, ಆ ನೆಲದ ನೀರು, ಆ ಕಾಯಿಯ ಪೊಳ್ಳು ಎಲ್ಲವೂ ಇದರೊಳಗೆ ಸೇರಿರುತ್ತವೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿಯ ಸುತ್ತಳತೆ ಹಾಗೆಯೇ ಉಳಿದು ಒಳಗಿನ ನೀರು ಆರುತ್ತ ಹೋಗುವುದರಿಂದ, ಹೊಸ ಕಾಯಿಯ ಭಾಜಕವನ್ನು ಹಳೆಯ ಕಾಯಿಗೆ ಹಚ್ಚಬಾರದು.

ತಕ್ಕಡಿಯೇ ಇಲ್ಲದ ಕಡೆ ನೀರೇ ತಕ್ಕಡಿಯಾಗಬಲ್ಲದು. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬುದು ಆರ್ಕಿಮಿಡೀಸನ ನಿಯಮ. ದೊಡ್ಡ ತಪ್ಪಲೆಯೊಂದರಲ್ಲಿ ಡ್ರಮ್ಮನ್ನು ನಿಲ್ಲಿಸಿ, ಡ್ರಮ್ಮಿನ ಅಂಚಿನವರೆಗೆ ನೀರು ತುಂಬಿ, ಕಾಯಿಯನ್ನು ಮೆಲ್ಲಗೆ ತೇಲಿಬಿಟ್ಟರೆ ಹೊರಚೆಲ್ಲಿದ ನೀರು ಎಷ್ಟು ಲೀಟರೋ ಕಾಯಿ ಅಷ್ಟು ಕಿಲೋ. ಅನಂತರ ಕಾಯಿಯನ್ನು ಬೆರಳ ತುದಿಯಿಂದ ಪೂರ್ತಿ ಮುಳುಗುವವರೆಗೆ ಅದುಮಿದರೆ ಒಟ್ಟು ಚೆಲ್ಲಿದ ನೀರು ಕಾಯಿಯ ಪೂರ್ತಿ ಗಾತ್ರವನ್ನು ಹೇಳುತ್ತದೆ. ಮೇಲಿನ ಕಾಯಿಯಲ್ಲಿ ಮೊದಲನೆಯದು 11.6, ಎರಡನೆಯದು 13.6 ಬರಬೇಕು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವ 0.85 ಆ ಕಾಯಿಯ ಸಾಂದ್ರತೆ. ಯಾವ ಪ್ರೌಢಶಾಲೆಯ ಅಂಗಳದಲ್ಲಾದರೂ ಒಂದು ಪಾಠದ ಅವಧಿಯಲ್ಲಿ ಮಾಡಿ ತೋರಿಸಬಹುದಾದ ಪ್ರಯೋಗವಿದು.

5. ಟನ್ನು ದಾಟಿದ ಕುಂಬಳಗಳು

ಅಳತೆಯಂದಾಜನ್ನು ಹೆಚ್ಚು ಶ್ರದ್ಧೆಯಿಂದ ಬೆಳೆಸಿದವರು ದೈತ್ಯ ಕುಂಬಳದ ಬೆಳೆಗಾರರು. ಕೆನಡಾದ ವಿಲಿಯಂ ವಾರ್ನಾಕ್ 1900ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಒಯ್ದ ಕುಂಬಳ 400 ಪೌಂಡ್, ಅಂದರೆ 181 ಕಿಲೋ ತೂಗಿತ್ತು. 1904ರಲ್ಲಿ ಅವರೇ ದಾಖಲೆಯನ್ನು 403 ಪೌಂಡಿಗೆ ಏರಿಸಿದರು, ಆ ದಾಖಲೆ 70 ವರ್ಷಗಳಿಗೂ ಹೆಚ್ಚು ಕಾಲ ನಿಂತಿತು. ಕೆನಡಾದ ನೋವಾ ಸ್ಕೋಷಿಯಾದ ಹೊವಾರ್ಡ್ ಡಿಲ್ ‘ಅಟ್ಲಾಂಟಿಕ್ ಜಯಂಟ್’ ಎಂಬ ತಳಿಯನ್ನು ಆಯ್ದು ಬೆಳೆಸಿ 1981ರಲ್ಲಿ 493.5 ಪೌಂಡಿನ, ಸುಮಾರು 224 ಕಿಲೋದ ಕಾಯಿಯನ್ನು ತೂಗಿಸಿದ ಮೇಲೆ ಓಟ ವೇಗ ಪಡೆಯಿತು. 2012ರಲ್ಲಿ ಅಮೆರಿಕದ ರಾನ್ ವಾಲೇಸ್ 2,009 ಪೌಂಡ್ ಮುಟ್ಟಿದರು. 2023ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಸ್ಪರ್ಧೆಯಲ್ಲಿ ಮಿನ್ನೆಸೋಟದ ಟ್ರಾವಿಸ್ ಗಿಂಗರ್ ಅವರ ಕಾಯಿ 2,749 ಪೌಂಡ್, ಅಂದರೆ 1,247 ಕಿಲೋ ತೂಗಿತು.

ಇಂಥ ಕಾಯಿಯನ್ನು ಬಳ್ಳಿಯಲ್ಲಿರುವಾಗ ಎತ್ತಿ ತೂಗುವಂತಿಲ್ಲ. ತನ್ನ ಭಾರಕ್ಕೆ ತಾನೇ ಕುಸಿದು ಅಡಿ ಚಪ್ಪಟೆಯಾಗಿ ಕೂರುವುದರಿಂದ ಗೋಳದ ಸೂತ್ರವೂ ಒಗ್ಗುವುದಿಲ್ಲ. ಆದ್ದರಿಂದ ಬೆಳೆಗಾರರು ಮೂರು ಅಳತೆಗಳನ್ನು ತೆಗೆಯುತ್ತಾರೆ: ನೆಲಕ್ಕೆ ಸಮಾನಾಂತರವಾಗಿ ಕಾಯಿಯ ದೊಡ್ಡ ಸುತ್ತಳತೆ; ತೊಟ್ಟಿನ ಕಡೆಯ ನೆಲದಿಂದ ಕಾಯಿಯ ಬೆನ್ನ ಮೇಲೆ ಹಾದು ಹೂವಿನ ಕಡೆಯ ನೆಲದವರೆಗಿನ ಅಳತೆ; ಎಡಮಗ್ಗುಲ ನೆಲದಿಂದ ಬೆನ್ನ ಮೇಲೆ ಹಾದು ಬಲಮಗ್ಗುಲ ನೆಲದವರೆಗಿನ ಅಳತೆ. ಈ ಮೂರನ್ನೂ ಕೂಡಿಸಿ ಬಂದ ಮೊತ್ತಕ್ಕೆ, ಹಿಂದಿನ ವರ್ಷಗಳಲ್ಲಿ ಅಳೆದೂ ತೂಗಿಯೂ ದಾಖಲಿಸಿದ ಕಾಯಿಗಳಿಂದ ತಯಾರಿಸಿದ ಕೋಷ್ಟಕದಲ್ಲಿ ಯಾವ ತೂಕ ಎದುರಾಗುತ್ತದೆ ಎಂದು ನೋಡುತ್ತಾರೆ. ಭರದ ಬೆಳವಣಿಗೆಯ ದಿನಗಳಲ್ಲಿ ದೈತ್ಯ ಕುಂಬಳ ದಿನಕ್ಕೆ 20 ಕಿಲೋವರೆಗೆ ತೂಕ ಪಡೆಯಬಲ್ಲದಾದ್ದರಿಂದ, ಟೇಪು ಹೇಳುವ ಈ ತೂಕವೇ ನೀರು ಗೊಬ್ಬರಗಳ ನಿರ್ಧಾರಕ್ಕೆ ದಾರಿ ತೋರುತ್ತದೆ.

ಕೊನೆಗೆ ಸ್ಪರ್ಧೆಯ ತಕ್ಕಡಿಯಲ್ಲಿ ಕೆಲವು ಕಾಯಿಗಳು ಕೋಷ್ಟಕಕ್ಕಿಂತ ಹೆಚ್ಚು ತೂಗುತ್ತವೆ, ಕೆಲವು ಕಡಿಮೆ. ಹೆಚ್ಚು ತೂಗಿದ ಕಾಯಿಯ ತಿರುಳು ದಪ್ಪವಾಗಿದೆ ಎಂದರ್ಥ. ಅದರ ಬೀಜಕ್ಕೆ ಬೆಳೆಗಾರರಲ್ಲಿ ಬೇಡಿಕೆ. ಹೀಗೆ ಅಂದಾಜಿಗೂ ತಕ್ಕಡಿಗೂ ನಡುವಿನ ವ್ಯತ್ಯಾಸ ತಳಿಯ ಗುಣವನ್ನು ಗುರುತಿಸುವ ಸಾಧನವಾಯಿತು. ಆ ಕೋಷ್ಟಕವನ್ನು ಕಟ್ಟಿದ್ದು ಬೆಳೆಗಾರರು ವರ್ಷವರ್ಷವೂ ಬಚ್ಚಿಡದೆ ಹಂಚಿಕೊಂಡ ಅಳತೆಗಳು ಎಂಬುದನ್ನು ಇಲ್ಲಿ ನೆನೆಯಬೇಕು.

6. ಬಂಡೂರು ಕುರಿ ಮತ್ತು ಹಳ್ಳಿಕಾರ್ ದನ

ಇದೇ ಗಣಿತ ಜೀವವಿರುವ ಪ್ರಾಣಿಗೂ ಹೊಂದುತ್ತದೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದಿಂದ ಹೆಸರು ಪಡೆದ, ಮಂಡ್ಯ ಕುರಿ ಎಂದೂ ದಾಖಲೆಗಳಲ್ಲಿ ಕಾಣುವ ತಳಿ ಗಿಡ್ಡ ಕಾಲು, ಪೀಪಾಯಿಯಂಥ ದುಂಡು ಮೈ, ಹಿಂದಿನಿಂದ ನೋಡಿದರೆ ತಲೆಕೆಳಗಾದ ಲಾಳದಂತೆ ಕಾಣುವ ತುಂಬಿದ ತೊಡೆಗಳಿಂದ ಗುರುತಾಗುತ್ತದೆ. ಅದರ ಮಾಂಸದ ಮೃದುತ್ವಕ್ಕೆ ನಾಡಿನಲ್ಲೆಲ್ಲ ಹೆಸರಿದೆ. ಸಂತೆಯಲ್ಲಿ ಕೊಳ್ಳುವವನು ಕುರಿಯ ಸೊಂಟದ ಮೇಲೆ ಹೆಬ್ಬೆರಳಿಟ್ಟು ಒತ್ತಿ ಮಾಂಸದ ತುಂಬು ನೋಡುತ್ತಾನೆ, ಹೊಟ್ಟೆಯಡಿ ಕೈಯಿಟ್ಟು ಒಮ್ಮೆ ಎತ್ತಿ ಇಳಿಸುತ್ತಾನೆ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಆ ಕೈಯ ಅನುಭವ ಗೌರವಕ್ಕೆ ಅರ್ಹವಾದ ವಿದ್ಯೆಯೇ. ಮಾರುವವನ ಕೈಯಲ್ಲೂ ಅದಕ್ಕೆ ಸಮನಾದ ವಿದ್ಯೆಯೊಂದು ಇರಬೇಕಷ್ಟೆ.

ಪಶುವೈದ್ಯಶಾಸ್ತ್ರದಲ್ಲಿ ಶೇಫರ್ ಸೂತ್ರವೆಂದು ಹೆಸರಾದ ಲೆಕ್ಕ ಹೀಗಿದೆ: ಭುಜದ ಮುಂತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನು, ಮುಂಗಾಲುಗಳ ಹಿಂಬದಿಯಲ್ಲಿ ಎದೆಯ ಸುತ್ತ ತೆಗೆದ ಸುತ್ತಳತೆಯಿಂದ ಎರಡು ಬಾರಿ ಗುಣಿಸಿ, ಇಂಚಿನ ಅಳತೆಯಾದರೆ 300ರಿಂದ ಭಾಗಿಸಿದಾಗ ತೂಕ ಪೌಂಡಿನಲ್ಲಿ ಬರುತ್ತದೆ. ಸೆಂಟಿಮೀಟರಿಗೂ ಕಿಲೋಗೂ ತಿರುಗಿಸಿದರೆ ಭಾಜಕ 10,840 ಆಗುತ್ತದೆ. 60 ಸೆಂಟಿಮೀಟರ್ ಉದ್ದದ, 75 ಸೆಂಟಿಮೀಟರ್ ಎದೆ ಸುತ್ತಳತೆಯ ಕುರಿಗೆ ಈ ಲೆಕ್ಕದಲ್ಲಿ ಸುಮಾರು 31 ಕಿಲೋ ಬರುತ್ತದೆ.

ಕುಂಬಳದ ಸೂತ್ರವನ್ನೂ ಕುರಿಯ ಸೂತ್ರವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ: ಉದ್ದ, ಸುತ್ತಳತೆ, ಮತ್ತೊಮ್ಮೆ ಸುತ್ತಳತೆ, ಕೊನೆಗೆ ಒಂದು ಭಾಜಕ. ಎರಡು ತುದಿ ಬಾಗಿದ ನೀರಿನ ಕಾಯಿಗೆ ಭಾಜಕ 18,850, ನೆಟ್ಟಗಿನ ಕೊಳವೆಯಂಥ ನೀರಿನ ಕಂಬಕ್ಕೆ 12,566, ಪ್ರಾಣಿಗೆ 10,840. ತಲೆ, ಕತ್ತು, ಕಾಲುಗಳು ಅಳೆದ ಉದ್ದದ ಹೊರಗೆ ಉಳಿದರೂ ತಕ್ಕಡಿಯಲ್ಲಿ ಸೇರಿಕೊಳ್ಳುವುದರಿಂದ ಪ್ರಾಣಿಯ ಭಾಜಕ ಕೊಳವೆಯದಕ್ಕಿಂತಲೂ ಚಿಕ್ಕದು. ದೊಡ್ಡ ಮೈಯ ದನಗಳಿಗೆಂದು ಬಳಕೆಗೆ ಬಂದ ಈ ಸಂಖ್ಯೆ ಗಿಡ್ಡ ಕಾಲಿನ ಬಂಡೂರು ಕುರಿಗೆ ಮೊದಲ ಅಂದಾಜನ್ನು ಮಾತ್ರ ಕೊಡಬಲ್ಲದು. ಸರಿಯಾದ ಭಾಜಕವನ್ನು ಬಂಡೂರು ಕುರಿಗಳನ್ನೇ ಅಳೆದು ತೂಗಿ ಪಡೆಯಬೇಕು. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಈ ತಳಿಗಾಗಿಯೇ ಇರುವ ಸರ್ಕಾರಿ ಕುರಿ ಸಂವರ್ಧನಾ ಕೇಂದ್ರದಂಥ ಕಡೆ ಸಿದ್ಧವಾದ ಕೋಷ್ಟಕವೊಂದು ಸಾಕಣೆಗಾರನ ಜೇಬಿನಲ್ಲಿದ್ದರೆ ಅದಕ್ಕಿಂತ ಉಪಯುಕ್ತವಾದ ಕಾಗದ ಇನ್ನೊಂದಿರಲಾರದು.

ಪ್ರಾಣಿಯನ್ನು ಅಳೆಯುವಾಗ ಕಾಯಿಗಿಲ್ಲದ ಎಚ್ಚರಗಳು ಬೇಕು. ಕುರಿ ಸಮನೆಲದ ಮೇಲೆ ನಾಲ್ಕು ಕಾಲೂರಿ, ತಲೆ ಬಗ್ಗಿಸದೆ ನಿಂತಿರಬೇಕು. ಉಣ್ಣೆ ಬೆಳೆದಿದ್ದರೆ ಟೇಪು ಉಣ್ಣೆಯನ್ನು ಅದುಮಿ ಚರ್ಮಕ್ಕೆ ತಾಗಿರಬೇಕು. ಮೇವು ನೀರು ಕೊಡುವ ಮೊದಲು, ಬೆಳಗಿನ ಹೊತ್ತು ಅಳೆಯಬೇಕು. ತೂಕ ಬೇಕಾಗುವುದು ಮಾರಾಟಕ್ಕೆ ಮಾತ್ರವಲ್ಲ. ಜಂತುಹುಳುವಿನ ಔಷಧದ ಪ್ರಮಾಣ ಕುರಿಯ ತೂಕವನ್ನು ಅವಲಂಬಿಸಿದೆ. ತೂಕವನ್ನು ಕಡಿಮೆ ಊಹಿಸಿ ಔಷಧ ಕಡಿಮೆ ಕೊಟ್ಟಾಗ ಸಾಯದೆ ಉಳಿದ ಹುಳುಗಳು ಆ ಔಷಧಕ್ಕೆ ಬಗ್ಗದ ಸಂತತಿಯನ್ನು ಬೆಳೆಸುತ್ತವೆ. ಹಳ್ಳಿಕಾರ್ ತಳಿಯ ಎತ್ತಿಗೂ ಹಸುವಿಗೂ ಇದೇ ಮಾತು ಸಲ್ಲುತ್ತದೆ.

7. ಮರ ಮತ್ತು ಗದ್ದೆ: ಭಾಜಕದಲ್ಲಿ ಅಡಗಿದ ಪಾಲು

ಭಾಜಕವನ್ನು ಯಾರು ನಿಗದಿ ಮಾಡುತ್ತಾರೆ ಎಂಬುದು ಎಷ್ಟು ದೊಡ್ಡ ಪ್ರಶ್ನೆ ಎಂಬುದಕ್ಕೆ ನಾಟದ ವ್ಯಾಪಾರ ಸಾಕ್ಷಿ. ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ 1736ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಂದ ಪ್ರಸಿದ್ಧವಾಗಿ, ಭಾರತದ ಅರಣ್ಯ ಇಲಾಖೆಗಳಿಗೂ ಬಂದ ‘ಕಾಲು ಸುತ್ತಳತೆ’ಯ ಕ್ರಮದಲ್ಲಿ ದಿಮ್ಮಿಯ ಸುತ್ತಳತೆಯ ನಾಲ್ಕನೆಯ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. ಅಂದರೆ ಉದ್ದ, ಸುತ್ತಳತೆ, ಸುತ್ತಳತೆಗಳ ಗುಣಲಬ್ಧಕ್ಕೆ ಇಲ್ಲಿ ಭಾಜಕ 16. ದುಂಡು ದಿಮ್ಮಿಯ ನಿಜವಾದ ಭಾಜಕ 12.57. ಹೀಗೆ ಲೆಕ್ಕ ಹಾಕಿದ ಗಾತ್ರ ನಿಜದ ಗಾತ್ರಕ್ಕಿಂತ ಶೇಕಡಾ 21ರಷ್ಟು ಕಡಿಮೆ. ಕೊಯ್ಯುವಾಗ ಹೋಗುವ ತೊಗಟೆ, ಅಂಚಿನ ತುಂಡು, ಹೊಟ್ಟುಗಳ ಪಾಲೆಂದು ಇದನ್ನು ಸಮರ್ಥಿಸಲಾಗುತ್ತದೆ, ಆ ಸಮರ್ಥನೆಗೆ ಅರ್ಥವೂ ಇದೆ; ಆದರೆ ತನ್ನ ಜಮೀನಿನ ಮರ ಮಾರುವ ರೈತನಿಗೆ ಆ ಐದನೆಯ ಒಂದು ಪಾಲು ಸೂತ್ರದೊಳಗೇ ಕಳೆದುಹೋಗಿದೆ ಎಂಬುದು ತಿಳಿದಿರಬೇಕು.

ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತದ ಇಳುವರಿಯನ್ನು ನಿರ್ಧರಿಸುವ ಬೆಳೆ ಕಟಾವು ಪ್ರಯೋಗ ಅಳತೆಯಂದಾಜಿನ ಇನ್ನೊಂದು ರೂಪ. ಗದ್ದೆಯಲ್ಲಿ ಪೂರ್ವನಿರ್ಧಾರಿತವಲ್ಲದ, ಆಕಸ್ಮಿಕವಾಗಿ ಆರಿಸಿದ ಜಾಗದಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕವನ್ನು ಗುರುತಿಸಿ, ಕೊಯ್ದು, ಬಡಿದು, ತೂಗಲಾಗುತ್ತದೆ. ಭಾರತದಲ್ಲಿ ಈ ಮಾದರಿ ಸಮೀಕ್ಷೆಯ ಶಾಸ್ತ್ರವನ್ನು ಕಟ್ಟಿದವರಲ್ಲಿ ಪಿ.ಸಿ. ಮಹಲನೋಬಿಸ್ ಮತ್ತು ಪಿ.ವಿ. ಸುಖಾತ್ಮೆ ಪ್ರಮುಖರು. ಒಂದು ಎಕರೆ 4,047 ಚದರ ಮೀಟರ್ ಆದ್ದರಿಂದ 25 ಚದರ ಮೀಟರಿನ ಈ ಚೌಕ ಎಕರೆಯ 162ನೆಯ ಒಂದು ಭಾಗ. ಚೌಕದಲ್ಲಿ ಒಂದು ಕಿಲೋ ಹೆಚ್ಚುಕಡಿಮೆಯಾದರೆ ಎಕರೆಯ ಲೆಕ್ಕದಲ್ಲಿ 162 ಕಿಲೋ ಹೆಚ್ಚುಕಡಿಮೆಯಾಗುತ್ತದೆ. 2016ರಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಪರಿಹಾರಕ್ಕೂ ಇಂಥ ಪ್ರಯೋಗಗಳ ಫಲಿತಾಂಶ ಮುಖ್ಯ ಆಧಾರವಾಗಿರುವುದರಿಂದ, ಹಗ್ಗ ಎಳೆಯುವಾಗ ಸರಿದ ಒಂದು ಗೇಣು ಊರಿನ ಅನೇಕ ಮನೆಗಳ ಲೆಕ್ಕವನ್ನು ಮುಟ್ಟುತ್ತದೆ.

ಕಬ್ಬಿನಲ್ಲೂ ಹೀಗೆಯೇ. ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್ ಅಂತರವಿದ್ದರೆ ಒಂದು ಎಕರೆಯಲ್ಲಿ ಒಟ್ಟು ಸಾಲಿನ ಉದ್ದ ಸುಮಾರು 4,500 ಮೀಟರ್. ಹಲವು ಕಡೆ ಎಣಿಸಿದಾಗ ಮೀಟರಿಗೆ ಸರಾಸರಿ 10 ಜಲ್ಲೆ, ಜಲ್ಲೆಗೆ ಸರಾಸರಿ 1.2 ಕಿಲೋ ಬಂದರೆ ಎಕರೆಗೆ 54 ಟನ್ ಎಂಬ ಅಂದಾಜು ಕಟಾವಿಗೆ ಮುಂಚೆಯೇ ಸಿದ್ಧವಾಗುತ್ತದೆ.

8. ತಪ್ಪಿನ ಲೆಕ್ಕ

ಅಂದಾಜು ಎಂದ ಮೇಲೆ ತಪ್ಪು ಇದ್ದೇ ಇರುತ್ತದೆ. ತಪ್ಪಿನ ಮಿತಿಯನ್ನು ಹೇಳಿದ ಅಂದಾಜೇ ಪ್ರಾಮಾಣಿಕ ಅಂದಾಜು. ಸುತ್ತಳತೆ ಎರಡು ಬಾರಿ ಗುಣಾಕಾರದಲ್ಲಿ ಬರುವುದರಿಂದ ಅದರ ತಪ್ಪು ಇಮ್ಮಡಿಯಾಗುತ್ತದೆ. ಮೇಲಿನ 78 ಸೆಂಟಿಮೀಟರ್ ಸುತ್ತಳತೆಯ ಕಾಯಿಯಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ತೂಕದಲ್ಲಿ ಶೇಕಡಾ 2.6, ಉದ್ದದಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಶೇಕಡಾ 2.4, ಎರಡೂ ಒಂದೇ ಕಡೆಗೆ ಕೂಡಿಕೊಂಡರೆ ಶೇಕಡಾ 5. ಆದ್ದರಿಂದ ಆ ಕಾಯಿಯ ತೂಕವನ್ನು 11.6 ಕಿಲೋ, ಹೆಚ್ಚುಕಡಿಮೆ 0.6 ಕಿಲೋ ಎಂದು ಹೇಳುವುದೇ ಸರಿ.

ತಪ್ಪುಗಳಲ್ಲಿ ಎರಡು ಜಾತಿ. ಒಂದು ಕಾಯಿಯಲ್ಲಿ ಹೆಚ್ಚಾಗಿ ಇನ್ನೊಂದರಲ್ಲಿ ಕಡಿಮೆಯಾಗುವ ಇಬ್ಬದಿಯ ತಪ್ಪುಗಳು ನೂರು ಕಾಯಿ ಸೇರುವಷ್ಟರಲ್ಲಿ ಬಹುಮಟ್ಟಿಗೆ ಪರಸ್ಪರ ಅಳಿಸಿಹೋಗುತ್ತವೆ. ಇಂಗ್ಲೆಂಡಿನ ಪ್ಲಿಮತ್ ಜಾನುವಾರು ಪ್ರದರ್ಶನದಲ್ಲಿ ಎತ್ತೊಂದರ ಮಾಂಸದ ತೂಕವನ್ನು ಊಹಿಸಿ ಜನ ಬರೆದುಕೊಟ್ಟ 787 ಚೀಟಿಗಳನ್ನು ಫ್ರಾನ್ಸಿಸ್ ಗಾಲ್ಟನ್ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ನೋಡಿದಾಗ 1,207 ಪೌಂಡ್ ಬಂದಿತ್ತು, ನಿಜವಾದ ತೂಕ 1,198 ಪೌಂಡ್ ಎಂದು ಅವರು 1907ರಲ್ಲಿ ಪ್ರಕಟಿಸಿದರು. ಬಿಡಿಬಿಡಿಯಾಗಿ ತಪ್ಪಿದವರು ಒಟ್ಟಾಗಿ ಶೇಕಡಾ ಒಂದರೊಳಗೆ ಬಂದಿದ್ದರು. ಆದರೆ ಒಂದೇ ಕಡೆಗೆ ವಾಲುವ ತಪ್ಪು ಎಷ್ಟು ಕಾಯಿ ಸೇರಿದರೂ ಅಳಿಯುವುದಿಲ್ಲ. ಎಳೆದೆಳೆದು ಶೇಕಡಾ 2ರಷ್ಟು ಉದ್ದವಾದ ಹಳೆಯ ಬಟ್ಟೆಯ ಟೇಪು ಉದ್ದವನ್ನೂ ಸುತ್ತಳತೆಯನ್ನೂ ಅಷ್ಟೇ ಕಡಿಮೆ ತೋರಿಸುತ್ತದೆ. ತೂಕ ಶೇಕಡಾ 6ರಷ್ಟು ಕಡಿಮೆ ಬರುತ್ತದೆ. 5 ಟನ್ ಲೋಡಿನಲ್ಲಿ 300 ಕಿಲೋ ಕಾಣೆಯಾಗುತ್ತದೆ. ಟೇಪನ್ನು ವರ್ಷಕ್ಕೊಮ್ಮೆ ಉಕ್ಕಿನ ಸ್ಕೇಲಿನ ಪಕ್ಕದಲ್ಲಿ ಹಾಸಿ ನೋಡುವ ಕೆಲಸ ಅರ್ಧ ನಿಮಿಷದ್ದು.

9. ಉಪಸಂಹಾರ

ಅಳತೆಯಂದಾಜು ಮುದ್ರೆಯೊತ್ತಿದ ತಕ್ಕಡಿಯ ಜಾಗಕ್ಕೆ ಬರಬೇಕೆಂದು ಈ ಉಪನ್ಯಾಸ ವಾದಿಸುವುದಿಲ್ಲ. ತಕ್ಕಡಿ ಸಿಗುವ ಕಡೆ ತೂಗಿಯೇ ಮಾರಬೇಕು. ತಕ್ಕಡಿಗೆ ಮುಂಚೆ ಬೆಲೆಯ ಮಾತು ನಡೆಯುವ ಹೊಲ, ಕೊಟ್ಟಿಗೆ, ಸಂತೆಗಳಲ್ಲಿ ಮಾರುವವನು ಬರಿಗೈಯಲ್ಲಿ ನಿಲ್ಲಬಾರದು ಎಂಬುದಷ್ಟೇ ವಾದ. ಅದಕ್ಕೆ ಬೇಕಾದ ಗಣಿತ ಏಳನೆಯ ತರಗತಿಯದು, ಸಲಕರಣೆ ಒಂದು ಟೇಪು, ಬಂಡವಾಳ ಒಂದು ನೋಟು ಪುಸ್ತಕ.

ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಸಂಶೋಧನಾ ಕೇಂದ್ರದ ಕೃಷಿ ಮೇಳಕ್ಕೆ ಬರುವ ರೈತರ ಎದುರು ಬೂದುಗುಂಬಳವನ್ನೂ ಬಂಡೂರು ಕುರಿಯನ್ನೂ ಅಳೆದು, ಅಂದಾಜನ್ನು ಹಲಗೆಯ ಮೇಲೆ ಬರೆದು, ಆಮೇಲೆ ತೂಗಿ ತೋರಿಸುವ ಒಂದು ಮಳಿಗೆ ಇರಲಿ. ಮದ್ದೂರು, ಮಳವಳ್ಳಿಗಳ ಪ್ರೌಢಶಾಲೆಗಳಲ್ಲಿ ಘನಫಲದ ಪಾಠ ಕುಂಬಳಕಾಯಿ ಮತ್ತು ನೀರಿನ ಡ್ರಮ್ಮಿನೊಂದಿಗೆ ನಡೆಯಲಿ. ಪ್ರತಿಯೊಂದು ಹಾಲು ಉತ್ಪಾದಕರ ಸಂಘದ ಗೋಡೆಯ ಮೇಲೆ ಎದೆ ಸುತ್ತಳತೆಯಿಂದ ತೂಕ ಹೇಳುವ ಕೋಷ್ಟಕ ಅಂಟಿರಲಿ. ದೂರದ ದೈತ್ಯ ಕುಂಬಳದ ಬೆಳೆಗಾರರು ಮಾಡಿದಂತೆ ಅಳತೆಗಳನ್ನು ಹಂಚಿಕೊಳ್ಳುವ ರೂಢಿ ಬೆಳೆದರೆ ಈ ಮೂರು ತಾಲ್ಲೂಕುಗಳ ಭಾಜಕಗಳು ಕೆಲವೇ ವರ್ಷಗಳಲ್ಲಿ ಕೈಗೆ ಸಿಗುತ್ತವೆ. ಹತ್ತು ಕಾಯಿಗಳನ್ನು ಒಮ್ಮೆ ಅಳೆದು, ತೂಗಿ, ಬರೆದಿಟ್ಟುಕೊಂಡ ರೈತನಿಗೆ ಹನ್ನೊಂದನೆಯ ಕಾಯಿಯ ತೂಕವನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.